ಅಲ್ಲಿ ನಾಯಿ ಹೂತಿದೆ! ಅರ್ಥವಾಗದ ಜರ್ಮನ್ ಸಾಲನ್ನು ಕನ್ನಡಕ್ಕೆ ತರುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನಲ್ಲಿ ಕೂತು ಜರ್ಮನಿಯ ಒಂದು ತಂಡದ ಜೊತೆ ಕೆಲಸ ಮಾಡುತ್ತಿದ್ದೆ. ಒಂದು ಪ್ರೋಗ್ರಾಂನಲ್ಲಿ ಲೆಕ್ಕ ತಪ್ಪುತ್ತಿತ್ತು. ಎಲ್ಲಿ ತಪ್ಪುತ್ತಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಒಂದು ಮೇಲ್ ಬಂತು. ಡೇಟಾಬೇಸ್ ಬಗ್ಗೆ ನಾಲ್ಕು ಸಾಲು, ತಾರೀಖಿನ ಬಗ್ಗೆ ಒಂದು ಸಾಲು, ಅದರ ಬೆನ್ನಿಗೇ ಒಂದು ಪುಟ್ಟ ವಾಕ್ಯ: ‘ಡಾ ಲೀಕ್ಟ್ ಡೆರ್ ಹುಂಟ್ ಬೆಗ್ರಾಬೆನ್.’

ಪದಕ್ಕೆ ಪದ ಇಟ್ಟರೆ, ‘ಅಲ್ಲಿ ನಾಯಿ ಹೂತು ಬಿದ್ದಿದೆ.’

ಏನೋ ಅವರ ಕಡೆಯ ಮಾತಿರಬೇಕು ಅಂತ ಆ ಸಾಲನ್ನು ಬಿಟ್ಟು, ಉಳಿದದ್ದನ್ನು ಓದಿಕೊಂಡು ನಾವು ಡೇಟಾಬೇಸ್ ಕೆದಕುತ್ತಾ ಕೂತೆವು. ಎರಡು ದಿನ ಹೋಯಿತು. ಇಡೀ ಮೇಲ್‌ನಲ್ಲಿ ಮುಖ್ಯವಾದ ಮಾತು ಆ ಬಿಟ್ಟ ಸಾಲೇ ಆಗಿತ್ತು. ಅವತ್ತಿನಿಂದ ನಾನು ಅರ್ಥವಾಗದ ಜರ್ಮನ್ ಸಾಲನ್ನು ದಾಟಿ ಮುಂದೆ ಹೋಗುವುದಿಲ್ಲ. ಅದನ್ನು ಬಿಡಿಸುವುದಕ್ಕೆ ನಾನು ಮಾಡಿಕೊಂಡ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದೇ ನಾಯಿಯ ಸಾಲನ್ನು ಕೊನೆಯವರೆಗೂ ಜೊತೆಗೆ ಕರೆದುಕೊಂಡು ಹೋಗೋಣ.

ಹಂತ 1: ಸಾಲನ್ನು ಇದ್ದ ಹಾಗೇ ಬರೆದುಕೊಳ್ಳಿ

ಓದಿದ ಸಾಲಾದರೆ ಒಂದು ಅಕ್ಷರವೂ ಬದಲಾಗದಂತೆ ನಕಲು ಮಾಡಿ. ಜರ್ಮನ್‌ನಲ್ಲಿ ಎಲ್ಲ ನಾಮಪದಗಳೂ ದೊಡ್ಡ ಅಕ್ಷರದಿಂದ ಶುರುವಾಗುತ್ತವೆ. ಇದು ನಮಗೆ ದೊಡ್ಡ ಸಹಾಯ. ವಾಕ್ಯದ ನಡುವೆ ದೊಡ್ಡ ಅಕ್ಷರ ಕಂಡರೆ ಅದು ವಸ್ತುವೋ ವ್ಯಕ್ತಿಯೋ ವಿಷಯವೋ ಆಗಿರುತ್ತದೆ. ನಮ್ಮ ಸಾಲಿನಲ್ಲಿ ನಡುವೆ ದೊಡ್ಡ ಅಕ್ಷರ ಇರುವುದು ‘ಹುಂಟ್’ಗೆ ಮಾತ್ರ.

ಸ್ವರದ ಮೇಲಿನ ಎರಡು ಚುಕ್ಕಿಗಳನ್ನು ಬಿಡಬೇಡಿ. ‘ಶೋನ್’ ಅಂದರೆ ಆಗಲೇ. ಅದೇ ಪದದ ಮೇಲೆ ಎರಡು ಚುಕ್ಕಿ ಇಟ್ಟರೆ ‘ಶ್ಯೋನ್’, ಅಂದರೆ ಚೆಂದ. ಕೀಬೋರ್ಡಿನಲ್ಲಿ ಚುಕ್ಕಿ ಇಲ್ಲದವರು ಸ್ವರದ ಪಕ್ಕ ಒಂದು ‘ಇ’ ಅಕ್ಷರ ಸೇರಿಸಿ ಬರೆಯುತ್ತಾರೆ. ಅದೂ ಸರಿಯೇ. 1996ರ ಕಾಗುಣಿತ ಸುಧಾರಣೆಗೆ ಮುಂಚಿನ ಬರಹವಾದರೆ ಕೆಲವು ಪದಗಳ ರೂಪ ಇವತ್ತಿನದ್ದಕ್ಕಿಂತ ಬೇರೆ ಇರುತ್ತದೆ. ತುಂಬಾ ಹಳೆಯ ಪುಸ್ತಕವಾದರೆ ಫ್ರಾಕ್ಟೂರ್ ಅನ್ನುವ ಮುರಿದಂತೆ ಕಾಣುವ ಅಕ್ಷರಗಳು ಸಿಗುತ್ತವೆ. 1941ರವರೆಗೂ ಅದು ಜರ್ಮನಿಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿತ್ತು. ಅದರಲ್ಲಿ ಉದ್ದನೆಯ ‘ಎಸ್’ ನೋಡಲು ‘ಎಫ್’ ಥರಾನೇ ಇರುತ್ತದೆ. ಅಲ್ಲಿ ತಪ್ಪಿದರೆ ಮುಂದೆ ಯಾವ ನಿಘಂಟೂ ಕೈ ಹಿಡಿಯುವುದಿಲ್ಲ.

ಕಿವಿಯಿಂದ ಕೇಳಿದ ಸಾಲಾದರೆ ಇನ್ನೊಂದು ವಿಷಯ ನೆನಪಿಡಬೇಕು. ಪದದ ಕೊನೆಯಲ್ಲಿ ‘ಡಿ’ ಬಂದರೆ ಅವರು ‘ಟ್’ ಅನ್ನುತ್ತಾರೆ, ‘ಬಿ’ ಬಂದರೆ ‘ಪ್’, ‘ಜಿ’ ಬಂದರೆ ‘ಕ್’. ನಾಯಿಯನ್ನು ಬಾಯಲ್ಲಿ ‘ಹುಂಟ್’ ಅಂತಾರೆ, ಆದರೆ ಬರೆಯುವುದು ‘ಡಿ’ಯಿಂದ. ಚಕ್ರಕ್ಕೂ ಸಲಹೆಗೂ ಎರಡಕ್ಕೂ ‘ರಾಟ್’ ಅಂತಲೇ ಕೇಳಿಸುತ್ತದೆ, ಕಾಗುಣಿತ ಮಾತ್ರ ಬೇರೆ. ಹಾಗಾಗಿ ‘ಟ್’ ಅಂತ ಹುಡುಕಿ ಸಿಗದಿದ್ದರೆ ‘ಡಿ’ ಹಾಕಿ ಹುಡುಕಿ.

ಹಿಂದಿನ ಎರಡು, ಮುಂದಿನ ಎರಡು ವಾಕ್ಯಗಳನ್ನೂ ಬರೆದುಕೊಳ್ಳಿ. ಇದನ್ನು ಬಹಳ ಜನ ಮಾಡುವುದಿಲ್ಲ. ನಾವೂ ಮಾಡಿರಲಿಲ್ಲ.

ಹಂತ 2: ಕ್ರಿಯಾಪದವನ್ನು ಪೂರ್ತಿ ಹಿಡಿಯಿರಿ

ಜರ್ಮನ್ ವಾಕ್ಯದಲ್ಲಿ ಕ್ರಿಯಾಪದ ಎಷ್ಟೋ ಸಲ ಎರಡು ತುಂಡಾಗಿ ಕೂರುತ್ತದೆ. ಒಂದು ತುಂಡು ಎರಡನೇ ಜಾಗದಲ್ಲಿ, ಇನ್ನೊಂದು ವಾಕ್ಯದ ಕಟ್ಟಕಡೆಯಲ್ಲಿ. ನಡುವೆ ಎಷ್ಟು ಬೇಕಾದರೂ ಮಾತು ತುಂಬಬಹುದು. ‘ಎರ್ ಹ್ಯೋರ್ಟ್ ಉಮ್ ಫ್ಯುನ್ಫ್ ಊರ್ ಔಫ್’ ಅನ್ನುವ ವಾಕ್ಯ ನೋಡಿ. ‘ಹ್ಯೋರ್ಟ್’ ಅಂದರೆ ಕೇಳಿಸಿಕೊಳ್ಳುತ್ತಾನೆ. ಅಷ್ಟಕ್ಕೇ ನಿಂತರೆ ‘ಐದು ಗಂಟೆಗೆ ಏನೋ ಕೇಳುತ್ತಾನೆ’ ಅಂತ ಆಗುತ್ತದೆ. ಕೊನೆಯಲ್ಲಿರುವ ‘ಔಫ್’ ತಂದು ಜೋಡಿಸಿ. ಅದು ‘ಔಫ್‌ಹ್ಯೋರೆನ್’ ಆಗುತ್ತದೆ, ಅಂದರೆ ನಿಲ್ಲಿಸುವುದು. ಅವನು ಐದು ಗಂಟೆಗೆ ಕೆಲಸ ಮುಗಿಸುತ್ತಾನೆ, ಇಷ್ಟೇ. ಒಂದು ಪುಟ್ಟ ಪದ ವಾಕ್ಯವನ್ನೇ ತಿರುಗಿಸಿಬಿಟ್ಟಿತು.

ಆದ್ದರಿಂದ ಪೂರ್ಣವಿರಾಮದಿಂದ ಹಿಂದಕ್ಕೆ ಓದುವ ಅಭ್ಯಾಸ ಮಾಡಿಕೊಳ್ಳಿ. ಕೊನೆಯ ಪದ ಏನು ಅಂತ ನೋಡಿ, ಅದನ್ನು ಎರಡನೇ ಜಾಗದ ಪದದ ಜೊತೆ ಸೇರಿಸಿ. ನಮ್ಮ ಸಾಲಿನಲ್ಲಿ ಎರಡನೇ ಜಾಗದಲ್ಲಿ ‘ಲೀಕ್ಟ್’ ಇದೆ, ಕೊನೆಯಲ್ಲಿ ‘ಬೆಗ್ರಾಬೆನ್’ ಇದೆ. ಮೊದಲನೆಯದು ಬಿದ್ದಿದೆ ಅಥವಾ ಮಲಗಿದೆ, ಎರಡನೆಯದು ಹೂಳಲಾದ. ಜೋಡಿಸಿದರೆ ‘ಹೂತು ಬಿದ್ದಿರುವುದು’. ನಿಘಂಟಿನಲ್ಲಿ ಹುಡುಕುವಾಗ ‘ಲೀಕ್ಟ್’ ಅಂತ ಹುಡುಕಬೇಡಿ, ಮೂಲ ರೂಪವಾದ ‘ಲೀಗೆನ್’ ಹುಡುಕಿ.

ಉದ್ದನೆಯ ಪದಗಳಿಗೂ ಇದೇ ಉಪಾಯ. ಹಿಂದಿನಿಂದ ಬಿಡಿಸಿ. ಕೊನೆಯ ತುಂಡು ಅದು ಏನು ಅಂತ ಹೇಳುತ್ತದೆ, ಮೊದಲಿನ ತುಂಡುಗಳು ಎಂಥದ್ದು ಅಂತ ಹೇಳುತ್ತವೆ. ಇದು ನಮಗೆ ಹೊಸದಲ್ಲ. ‘ಹೆಬ್ಬಾಗಿಲು’ ಒಂದು ಬಾಗಿಲೇ, ‘ಕಣ್ಣೀರು’ ನೀರೇ ಅಲ್ವಾ?

ಹಂತ 3: ಇಂಗ್ಲಿಷ್ ಮೂಲಕ ಹೋಗಬೇಡಿ, ನೇರ ಕನ್ನಡಕ್ಕೆ ಬನ್ನಿ

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದ ಮಾತು ಇದು. ನಮ್ಮಲ್ಲಿ ಹೆಚ್ಚಿನವರು ಜರ್ಮನ್ ಸಾಲನ್ನು ಮೊದಲು ಇಂಗ್ಲಿಷಿಗೆ ತಂದು, ಅಲ್ಲಿಂದ ಕನ್ನಡಕ್ಕೆ ತರುತ್ತೇವೆ. ಈ ಸುತ್ತು ದಾರಿಯಲ್ಲಿ ಎರಡು ಸಲ ಸೋರಿಕೆ ಆಗುತ್ತದೆ. ಅದಕ್ಕಿಂತ ಬೇಸರದ ವಿಷಯ ಅಂದರೆ, ಎಷ್ಟೋ ಕಡೆ ಜರ್ಮನ್ ಕಟ್ಟು ನಮ್ಮ ಕನ್ನಡದ ಕಟ್ಟಿಗೇ ಹತ್ತಿರ ಇರುತ್ತದೆ. ನಾವು ಅದನ್ನು ನೋಡುವುದೇ ಇಲ್ಲ.

‘ಮಿರ್ ಇಸ್ಟ್ ಕಾಲ್ಟ್.’ ಇದರಲ್ಲಿ ‘ಮಿರ್’ ಅಂದರೆ ‘ನನಗೆ’. ನನಗೆ ಚಳಿ. ಮುಗಿಯಿತು! ಕನ್ನಡದಲ್ಲಿ ನಾವು ‘ನಾನು ಚಳಿ’ ಅನ್ನುವುದಿಲ್ಲ, ಅವರೂ ಅನ್ನುವುದಿಲ್ಲ. ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ‘ಇಶ್ ಬಿನ್ ಕಾಲ್ಟ್’ ಅಂದರೆ, ‘ನಾನು ತಣ್ಣನೆಯ ಮನಸ್ಸಿನವನು, ಅಂತಃಕರಣ ಇಲ್ಲದವನು’ ಅನ್ನುವ ಕಡೆಗೆ ಅರ್ಥ ಜಾರುತ್ತದೆ. ‘ಡಾಸ್ ಗೆಫೆಲ್ಟ್ ಮಿರ್’ ಅಂದರೆ ‘ಅದು ನನಗೆ ಹಿಡಿಸುತ್ತದೆ’. ಇಲ್ಲೂ ನಾಲ್ಕನೇ ವಿಭಕ್ತಿ, ನಮ್ಮ ‘ಗೆ’. ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಈಗ ಒಂದು ಪ್ರಸಿದ್ಧ ಒಗಟು: ‘ಡಾಸ್ ಇಸ್ಟ್ ಮಿರ್ ವುರ್ಸ್ಟ್.’ ಪದಕ್ಕೆ ಪದ, ‘ಅದು ನನಗೆ ಸಾಸೇಜು.’ ಇಲ್ಲೂ ‘ನನಗೆ’ ಹಿಡಿದುಕೊಂಡು ನಡೆಯಿರಿ. ಅದು ನನಗೆ ದೊಡ್ಡದಲ್ಲ, ಅದರಿಂದ ನನಗೇನೂ ಆಗಬೇಕಿಲ್ಲ. ಕನ್ನಡದಲ್ಲಿ ‘ಹೇಗಾದರೂ ಆಗಲಿ, ನನಗೇನಂತೆ?’ ಅಂತ ಸಲೀಸಾಗಿ ಬರುತ್ತದೆ.

‘ಏಕೆಂದರೆ’, ‘ಯಾವಾಗ’ ಥರದ ಪದದಿಂದ ಶುರುವಾಗುವ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಇರುವುದರಿಂದ ನಮಗೆ ಅದು ಕಾಯುವ ಕೆಲಸ ಅಲ್ಲ, ಅಭ್ಯಾಸ.

ಎಲ್ಲ ಕಡೆಯೂ ಹೀಗೆ ಹೊಂದುವುದಿಲ್ಲ. ಗಂಟೆ ಹೇಳುವಾಗ ಎಚ್ಚರ ಬೇಕು. ‘ಹಾಲ್ಪ್ ಡ್ರೈ’ ಪದಕ್ಕೆ ಪದ ‘ಅರ್ಧ ಮೂರು’. ಅದು ಮೂರೂವರೆ ಅಲ್ಲ, ಎರಡೂವರೆ. ಮೂರನೇ ಗಂಟೆ ಅರ್ಧ ತುಂಬಿದೆ ಅನ್ನುವ ಲೆಕ್ಕ. ಜರ್ಮನಿಯ ಪೂರ್ವ ಮತ್ತು ದಕ್ಷಿಣದ ಕೆಲವು ಕಡೆ ‘ಫಿರ್ಟೆಲ್ ಡ್ರೈ’ ಅಂದರೆ ಎರಡೂಕಾಲು, ‘ಡ್ರೈಫಿರ್ಟೆಲ್ ಡ್ರೈ’ ಅಂದರೆ ಎರಡೂಮುಕ್ಕಾಲು. ಮೀಟಿಂಗ್‌ಗೆ ಒಂದು ಗಂಟೆ ತಡವಾಗಿ ಹೋಗುವುದಕ್ಕೆ ಇಷ್ಟು ಸಾಕು.

ಹಂತ 4: ಇದು ನೇರ ಮಾತೋ, ನುಡಿಗಟ್ಟೋ?

ಪದಗಳೆಲ್ಲ ಗೊತ್ತು, ವ್ಯಾಕರಣ ಸರಿ ಇದೆ, ಆದರೂ ಅರ್ಥ ಕೂಡುತ್ತಿಲ್ಲ. ಅದು ನುಡಿಗಟ್ಟು ಅನ್ನುವುದಕ್ಕೆ ಮೊದಲ ಗುರುತು ಇದು. ಜರ್ಮನ್‌ನಲ್ಲಿ ಇನ್ನೂ ಒಂದು ಒಳ್ಳೆಯ ಗುರುತಿದೆ.

ಸಾಲಿನಲ್ಲಿ ‘ಡೆರ್ ಹುಂಟ್’ ಅಂತಿದೆ. ‘ಡೆರ್’ ಅನ್ನುವುದು ‘ಆ, ಗೊತ್ತಿರುವ’ ಅನ್ನುವ ಗುರುತು. ಕೇಳುವವರಿಗೆ ಈಗಾಗಲೇ ಪರಿಚಯ ಇರುವ ನಾಯಿ. ಆದರೆ ಮೇಲ್‌ನಲ್ಲಿ ಮೊದಲು ಎಲ್ಲೂ ನಾಯಿಯ ಮಾತೇ ಬಂದಿಲ್ಲ. ಹಾಗಾದರೆ ಯಾವ ನಾಯಿ? ಎಲ್ಲ ಜರ್ಮನ್ನರಿಗೂ ಗೊತ್ತಿರುವ ನಾಯಿ, ಅಂದರೆ ಮಾತಿನೊಳಗಿನ ನಾಯಿ. ಕನ್ನಡದಲ್ಲಿ ಈ ಥರದ ಪದ ಇಲ್ಲದಿರುವುದರಿಂದ ನಮ್ಮ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ನಿಲ್ಲಿಸಬೇಕು.

ಅದೇ ಜಾಗದಲ್ಲಿ ‘ಉನ್ಸರ್ ಹುಂಟ್’ ಇದ್ದಿದ್ದರೆ? ‘ಡಾ ಲೀಕ್ಟ್ ಉನ್ಸರ್ ಹುಂಟ್ ಬೆಗ್ರಾಬೆನ್.’ ಅಲ್ಲಿ ನಮ್ಮ ನಾಯಿಯನ್ನು ಹೂತಿದ್ದೇವೆ. ಈಗ ಇದು ತೋಟದ ಮೂಲೆ ತೋರಿಸಿ, ಸತ್ತ ನಾಯಿಯನ್ನು ನೆನೆದು ಹೇಳುವ ನಿಜವಾದ ಮಾತು. ಒಂದು ಪದ ಬದಲಾದರೆ ನುಡಿಗಟ್ಟು ಕಳಚಿ ಬೀಳುತ್ತದೆ. ನಮ್ಮಲ್ಲೂ ಹಾಗೇ. ‘ಅವನು ಕೈ ಕೊಟ್ಟ’ ಅಂದರೆ ಮೋಸ ಮಾಡಿದ. ‘ಅವನು ತನ್ನ ಕೈ ಕೊಟ್ಟ’ ಅಂದರೆ ಯಾರನ್ನೋ ಮೇಲೆತ್ತಲು ಕೈ ಚಾಚಿದ. ಹಾಗಾಗಿ ‘ಸುಮಾರಾಗಿ ಇದೇ ಥರ ಇತ್ತು’ ಅಂತ ನೆನಪಿನಿಂದ ಬರೆದ ಸಾಲನ್ನು ನಂಬಬೇಡಿ. ಹಂತ 1ರಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಂತ 5: ನಿಘಂಟಿನಲ್ಲಿ ಎಲ್ಲಿ ನೋಡಬೇಕು

ನುಡಿಗಟ್ಟನ್ನು ಅದರ ಮುಖ್ಯ ನಾಮಪದದ ಕೆಳಗೆ ಹುಡುಕಿ. ಇಲ್ಲಿ ‘ಹುಂಟ್’. ಡೂಡೆನ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೊನ್ರಾಡ್ ಡೂಡೆನ್ 1880ರಲ್ಲಿ ತಂದ ಕಾಗುಣಿತ ನಿಘಂಟಿನಿಂದ ಬೆಳೆದು ಬಂದ ಹೆಸರು ಅದು. ಪದದ ಅರ್ಥಗಳೆಲ್ಲ ಮುಗಿದ ಮೇಲೆ ನುಡಿಗಟ್ಟು ಮತ್ತು ಗಾದೆಗಳ ಭಾಗ ಬರುತ್ತದೆ. ಬಹಳ ಜನ ಮೇಲಿನ ಎರಡು ಅರ್ಥ ಓದಿ ಮುಚ್ಚಿಬಿಡುತ್ತಾರೆ. ಕೆಳಗೆ ಹೋಗಿ.

ಅಲ್ಲಿ ನಮಗೆ ಎರಡು ನಾಯಿ ಸಿಗುತ್ತವೆ. ‘ಅಲ್ಲಿ ನಾಯಿ ಹೂತು ಬಿದ್ದಿದೆ’ ಅಂದರೆ ಅಸಲಿ ತೊಡಕು ಇರುವುದು ಅಲ್ಲೇ. ‘ಇಂಥ ಕಡೆ ನಾಯಿಯನ್ನು ಹೂಳಲಾಗಿದೆ’ ಅನ್ನುವ ಇನ್ನೊಂದು ರೂಪಕ್ಕೆ, ಆ ಊರಲ್ಲಿ ಏನೂ ನಡೆಯುವುದಿಲ್ಲ, ಬರೀ ಬಿಕೋ ಅನ್ನುತ್ತದೆ ಅನ್ನುವ ಅರ್ಥ ಇದೆ. ಮೊದಲನೆಯದರಲ್ಲಿ ‘ಲೀಕ್ಟ್’, ಎರಡನೆಯದರಲ್ಲಿ ‘ಇಸ್ಟ್’. ಆಡುಮಾತಿನಲ್ಲಿ ಈ ಎರಡು ಒಂದರ ಜಾಗಕ್ಕೆ ಇನ್ನೊಂದು ಬರುವುದೂ ಉಂಟು. ಹಾಗಾದಾಗ ಹಿಂದಿನ ವಾಕ್ಯವೇ ತೀರ್ಪು ಕೊಡಬೇಕು. ಹಿಂದಿನ ಸಾಲು ಭಾನುವಾರದ ಒಂದು ಹಳ್ಳಿಯ ಬಗ್ಗೆ ಇದ್ದರೆ ಎರಡನೇ ಅರ್ಥ. ನಮ್ಮದರಲ್ಲಿ ಇದ್ದದ್ದು ತಾರೀಖಿನ ಮಾತು.

ಅರ್ಥದ ಪಕ್ಕದಲ್ಲಿರುವ ಪುಟ್ಟ ಗುರುತುಗಳನ್ನೂ ಓದಿ. ‘ಉಮ್‌ಗಾಂಗ್ಸ್‌ಷ್ಪ್ರಾಖ್ಲಿಶ್’ ಅಂದರೆ ಆಡುಮಾತು. ‘ಡೆರ್ಪ್’ ಅಂದರೆ ಒರಟು, ಎಲ್ಲರೆದುರು ಆಡುವಂಥದ್ದಲ್ಲ. ‘ಗೆಹೋಬೆನ್’ ಅಂದರೆ ಗಂಭೀರ ಬರವಣಿಗೆಯದ್ದು. ‘ಫೆರ್‌ಆಲ್ಟೆಟ್’ ಅಂದರೆ ಬಳಕೆ ತಪ್ಪಿದ್ದು. ಕನ್ನಡದಲ್ಲಿ ಯಾವ ಮಟ್ಟದ ಮಾತು ಆರಿಸಬೇಕು ಅನ್ನುವುದನ್ನು ಈ ಗುರುತುಗಳೇ ತಿಳಿಸುತ್ತವೆ.

ಹಳೆಯ ಸಾಲಾದರೆ ಗ್ರಿಮ್ ಸೋದರರ ನಿಘಂಟಿಗೆ ಹೋಗಬೇಕು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಅದೇ ಸೋದರರು. 1838ರಲ್ಲಿ ಶುರು ಮಾಡಿದರು, ಮೊದಲ ಸಂಪುಟ 1854ರಲ್ಲಿ ಬಂತು. ‘ಹಣ್ಣು’ ಅನ್ನುವ ಅರ್ಥದ ‘ಫ್ರುಖ್ಟ್’ ಪದದವರೆಗೆ ಬಂದಾಗ, 1863ರಲ್ಲಿ ಯಾಕೊಬ್ ಗ್ರಿಮ್ ತೀರಿಕೊಂಡರು. ಕೆಲಸ ಮುಗಿದದ್ದು 1961ರಲ್ಲಿ. ಒಂದು ಪದಕ್ಕಾಗಿ ಅದನ್ನು ತೆರೆದರೆ ನಾನು ಅರ್ಧ ಗಂಟೆ ಅಲ್ಲೇ ಇರುತ್ತೇನೆ. ಅದೂ ಈಗ ಅಂತರ್ಜಾಲದಲ್ಲಿದೆ.

ಗಣಕದ ಅನುವಾದ ಬಳಸಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಸಾಲು ಕೊಡಬೇಡಿ, ಇಡೀ ಪ್ಯಾರಾ ಕೊಡಿ. ಬಂದ ಉತ್ತರವನ್ನು ನಿಘಂಟಿನ ಜೊತೆ ಹೊಂದಿಸಿ ನೋಡಿ.

ಹಂತ 6: ಅರ್ಥವಿಲ್ಲದಂತೆ ಕಾಣುವ ಪುಟ್ಟ ಪದಗಳು

‘ಡೋಖ್’, ‘ಮಾಲ್’, ‘ಯಾ’, ‘ಹಾಲ್ಟ್’. ಇವು ಜರ್ಮನ್ ಮಾತಿನ ತುಂಬಾ ಇರುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಸರಿಯಾದ ಜೋಡಿ ಸಿಗದೆ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಇವಕ್ಕೆ ಮನೆಯೇ ಇದೆ.

‘ಮಾಲ್’ ಅನ್ನುವುದು ‘ಐನ್‌ಮಾಲ್’ನ ಮೊಟಕು. ಅಂದರೆ ‘ಒಂದು ಸಲ’. ‘ಶೌ ಮಾಲ್’ ಅಂದರೆ ‘ಒಂದ್ಸಲ ನೋಡು’. ನಾವೂ ಲೆಕ್ಕ ಇಟ್ಟು ಒಂದು ಸಲ ಅನ್ನುವುದಿಲ್ಲ. ಮಾತು ಅಪ್ಪಣೆಯಂತೆ ಕೇಳಿಸಬಾರದು, ಮೆತ್ತಗಿರಲಿ ಅಂತ ಹಾಗನ್ನುತ್ತೇವೆ. ಅವರೂ ಅದಕ್ಕೇ ಅನ್ನುತ್ತಾರೆ. ಎಲ್ಲಿಯ ಬರ್ಲಿನ್, ಎಲ್ಲಿಯ ಹಾಸನ! ‘ಡಾಸ್ ವೈಸ್ಟ್ ಡೂ ಯಾ’ ಅಂದರೆ ‘ಅದು ನಿನಗೆ ಗೊತ್ತಲ್ಲ’. ಇಲ್ಲಿ ‘ಯಾ’ಕ್ಕೆ ‘ಹೌದು’ ಅಂತ ಬರೆದರೆ ಮಾತು ಸತ್ತುಹೋಗುತ್ತದೆ. ‘ಡಾಸ್ ಇಸ್ಟ್ ಹಾಲ್ಟ್ ಸೋ’ ಅಂದರೆ ‘ಅದು ಇರೋದೇ ಹಂಗೆ’. ‘ಕೋಮ್ ಡೋಖ್ ಮಾಲ್ ಫೋರ್‌ಬೈ’ ಅಂದರೆ ‘ಒಂದ್ಸಲ ಮನೆ ಕಡೆ ಬಾರೋ’. ‘ಡೋಖ್’ ಪೂರ್ತಿಯಾಗಿ ಆ ‘ರೋ’ ಒಳಗೆ ಕೂತಿದೆ.

‘ಡೋಖ್’ಗೆ ಇನ್ನೊಂದು ಕೆಲಸ ಇದೆ. ‘ನೀನು ಬರಲ್ವಾ?’ ಅಂತ ಕೇಳಿದರೆ, ಬರುವವನು ‘ಡೋಖ್’ ಅನ್ನುತ್ತಾನೆ. ‘ಇಲ್ಲ ಇಲ್ಲ, ಬರ್ತೀನಿ’ ಅಂತ ಅರ್ಥ. ನಾವು ‘ಹೌದು, ಬರಲ್ಲ’ ಅನ್ನುವ ಕಡೆ ಅವರು ‘ನೈನ್’ ಅನ್ನುತ್ತಾರೆ. ಇಲ್ಲಿ ಮಾತ್ರ ಕನ್ನಡದ ಅಭ್ಯಾಸ ಬಿಟ್ಟು ಅವರ ದಾರಿ ಹಿಡಿಯಬೇಕು.

ಹಂತ 7: ಮೂಲದ ಕಥೆಯನ್ನು ಎಷ್ಟು ನಂಬಬೇಕು

ನುಡಿಗಟ್ಟು ಸಿಕ್ಕ ಕೂಡಲೇ ‘ಇದು ಹೇಗೆ ಹುಟ್ಟಿತು’ ಅನ್ನುವ ಆಸೆ ಬರುತ್ತದೆ. ನನಗೂ ಬರುತ್ತದೆ. ಆದರೆ ಅರ್ಥ ಒಂದು, ಮೂಲ ಇನ್ನೊಂದು. ಮೂಲ ಗೊತ್ತಿಲ್ಲದೆಯೂ ಅರ್ಥ ಸರಿಯಾಗಿ ಹೇಳಬಹುದು.

ಕೆಲವಕ್ಕೆ ಗಟ್ಟಿ ದಾಖಲೆ ಇರುತ್ತದೆ. ‘ಮೈನ್ ನಾಮೆ ಇಸ್ಟ್ ಹಾಸೆ, ಇಶ್ ವೈಸ್ ಫೋನ್ ನಿಖ್ಟ್ಸ್’ ಅನ್ನುವ ಮಾತಿದೆ. ‘ನನ್ನ ಹೆಸರು ಮೊಲ, ನನಗೇನೂ ಗೊತ್ತಿಲ್ಲ.’ ಇದರ ಹಿಂದೆ ವಿಕ್ಟರ್ ಫೋನ್ ಹಾಸೆ ಅನ್ನುವ ಹೈಡೆಲ್‌ಬರ್ಗ್‌ನ ಕಾನೂನು ವಿದ್ಯಾರ್ಥಿ ಇದ್ದಾನೆ. 1854–55ರ ಸುಮಾರಿಗೆ, ದ್ವಂದ್ವಯುದ್ಧದಲ್ಲಿ ಒಬ್ಬನನ್ನು ಕೊಂದು ಓಡಿಹೋಗುತ್ತಿದ್ದ ಗೆಳೆಯನಿಗೆ ತನ್ನ ವಿದ್ಯಾರ್ಥಿ ಚೀಟಿ ಕೊಟ್ಟ. ಚೀಟಿ ಮುಂದೆ ಯಾರಿಗೋ ಸಿಕ್ಕಿತು. ವಿಚಾರಣೆಯಲ್ಲಿ ಹಾಸೆ ಕೊಟ್ಟ ಉತ್ತರವೇ ಮಾತಾಗಿ ಉಳಿಯಿತು. ಇಲ್ಲಿ ‘ಹಾಸೆ’ ಮನೆತನದ ಹೆಸರು, ಪ್ರಾಣಿ ಅಲ್ಲ.

ನಮ್ಮ ನಾಯಿಗೆ ಅಂಥ ದಾಖಲೆ ಇಲ್ಲ. ಥ್ಯುರಿಂಗೆನ್ ರಾಜ್ಯದ ವಿಂಟರ್‌ಷ್ಟೈನ್ ಊರಿನಲ್ಲಿ 1650ರ ಒಂದು ನಾಯಿಯ ಸಮಾಧಿ ಕಲ್ಲು ಇದೆ. ನಾಯಿಯ ಹೆಸರು ಷ್ಟುಟ್ಸೆಲ್. ಮಾತು ಅಲ್ಲಿಂದಲೇ ಬಂತು ಅಂತ ಊರವರು ಹೇಳುತ್ತಾರೆ. ಕಲ್ಲು ನಿಜ, ಆದರೆ ಮಾತಿಗೂ ಕಲ್ಲಿಗೂ ಗಂಟು ಹಾಕುವ ಆಧಾರ ಸಾಲದು. ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು ವಿವರಣೆ. ಹೂತಿಟ್ಟ ನಿಧಿಯನ್ನು ಕರಿ ನಾಯಿ ಕಾಯುತ್ತದೆ ಅನ್ನುವ ನಂಬಿಕೆ ಜರ್ಮನ್ ಜನಪದರಲ್ಲಿತ್ತು. ನಾಯಿ ಇರುವ ಕಡೆ ನಿಧಿ ಇದೆ, ಅಂದರೆ ಹುಡುಕುವ ವಸ್ತು ಅಲ್ಲೇ ಇದೆ. ನಮ್ಮ ಹಳ್ಳಿಗಳಲ್ಲಿ ನಿಧಿಗೆ ಸರ್ಪ ಕಾವಲು ಅನ್ನುತ್ತಾರಲ್ಲ, ಹಾಗೆ. ಇದೂ ಊಹೆಯೇ. ಊಹೆಯನ್ನು ಊಹೆ ಅಂತಲೇ ಬರೆಯಿರಿ.

ಹಂತ 8: ಕನ್ನಡದ ಸಾಲು ಕಟ್ಟುವುದು

ಮೂರು ಸಾಲು ಬರೆಯಿರಿ. ಒಂದು ಪದಶಃ, ಒಂದು ಬರೀ ಅರ್ಥ, ಒಂದು ಅದೇ ಜಾಗದಲ್ಲಿ ಕನ್ನಡಿಗ ಆಡುವ ಮಾತು.

ಪದಶಃ: ಅಲ್ಲಿ ನಾಯಿ ಹೂತು ಬಿದ್ದಿದೆ. ಅರ್ಥ: ಸಮಸ್ಯೆಯ ಮೂಲ ಅದು. ಕನ್ನಡಿಗನ ಮಾತು: ‘ತೊಡಕು ಇರೋದೇ ಅಲ್ಲಿ.’ ‘ಅಸಲಿ ವಿಷಯ ಅಲ್ಲಿದೆ’ ಅಂತಲೂ ಅನ್ನಬಹುದು. ಬಿಕೋ ಅನ್ನುವ ಊರಿನ ಅರ್ಥವಾದರೆ ‘ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ’ ಅಂದರೆ ಸರಿಯಾಗಿ ಕೂರುತ್ತದೆ.

ಮೂರರಲ್ಲಿ ಯಾವುದು ಬೇಕು ಅನ್ನುವುದು ಕೆಲಸದ ಮೇಲೆ ನಿಂತಿದೆ. ಆಫೀಸಿನ ಮೇಲ್ ಆದರೆ ಎರಡನೆಯದು ಸಾಕು. ಕಥೆಯ ಅನುವಾದವಾದರೆ ಮೂರನೆಯದು. ಕಥೆಯಲ್ಲಿ ಮುಂದೆ ಅದೇ ನಾಯಿಯ ಮೇಲೆ ಇನ್ನೊಂದು ಮಾತು ಬಂದರೆ ಮೊದಲನೆಯದನ್ನೂ ಹೇಗಾದರೂ ಉಳಿಸಿಕೊಳ್ಳಬೇಕು. ಆಮೇಲೆ ನಿಮ್ಮ ಸಾಲನ್ನು ಮೂಲ ಪ್ಯಾರಾದೊಳಗೆ ಇಟ್ಟು ಜೋರಾಗಿ ಓದಿ. ಎಡವಿದರೆ ಇನ್ನೂ ಆಗಿಲ್ಲ ಅಂತ.

ಕನ್ನಡದ ಮಾತು ಹೊಳೆಯದಿದ್ದರೆ ನಾನು ತೆರೆಯುವುದು ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು. 1832ರಲ್ಲಿ ಜರ್ಮನಿಯ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ ಹುಟ್ಟಿದವರು, 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟು ಅಚ್ಚಾಯಿತು. ಪದಗಳ ಜೊತೆಗೆ ಗಾದೆಗಳನ್ನೂ ಉದಾಹರಣೆಯಾಗಿ ಕೊಟ್ಟಿದ್ದಾರೆ. ನಮ್ಮ ಮಾತುಗಳು ಒಬ್ಬ ಜರ್ಮನ್ನನನ್ನು ಎಷ್ಟು ಕಾಡಿರಬೇಕು, ಒಂದೊಂದನ್ನೂ ಕೂತು ಬಿಡಿಸಿದ್ದಾರೆ. ಅವರ ಭಾಷೆಯ ಒಂದು ಸಾಲಿಗೆ ನಾವು ಅರ್ಧ ಗಂಟೆ ಕೊಡುವುದು ದೊಡ್ಡ ಮಾತೇನಲ್ಲ.

ಹಂತ 9: ಕೇಳಿ, ಆದರೆ ಸರಿಯಾಗಿ ಕೇಳಿ

ಬರೆದವರು ಸಿಗುವಂತಿದ್ದರೆ ಕೇಳುವುದೇ ಒಳ್ಳೆಯದು. ‘ವೀ ಮೈನೆನ್ ಝೀ ಡಾಸ್?’ ಅಂತ ಕೇಳಿ. ‘ಹಾಗಂದರೆ ಹೇಗೆ, ಸ್ವಲ್ಪ ಹೇಳ್ತೀರಾ’ ಅನ್ನುವಷ್ಟು ಮೃದು. ‘ವಾಸ್ ಝೋಲ್ ಡಾಸ್ ಹೈಸೆನ್?’ ಅನ್ನಬೇಡಿ. ಪದಗಳ ಅರ್ಥ ಹತ್ತಿರವೇ ಇದ್ದರೂ ‘ಏನ್ರೀ ಹಂಗಂದ್ರೆ?’ ಅಂತ ಜಗಳಕ್ಕೆ ನಿಂತಂತೆ ಕೇಳಿಸಬಹುದು. ಸ್ನೇಹಿತರಾದರೆ ಇನ್ನೂ ಒಂದು ಪ್ರಶ್ನೆ ಸೇರಿಸಿ: ಈ ಮಾತನ್ನು ನಿಮ್ಮ ಮೇಲಧಿಕಾರಿಯ ಹತ್ತಿರ ಆಡ್ತೀರಾ? ಆ ಉತ್ತರದಲ್ಲಿ ನಿಘಂಟಿಗಿಂತ ಜಾಸ್ತಿ ಸಿಗುತ್ತದೆ.

ನಾವು ಎರಡು ದಿನ ಕಳೆದ ಮೇಲೆ ಕೇಳಿದೆವು. ಐದು ನಿಮಿಷದಲ್ಲಿ ಉತ್ತರ ಬಂತು, ಜೊತೆಗೆ ಫೈಲಿನ ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದರು. ಅದರಲ್ಲಿ 03.04 ಅಂತಿತ್ತು. ಅವರು ಬರೆದಿದ್ದು ಏಪ್ರಿಲ್ 3. ನಮ್ಮ ಪ್ರೋಗ್ರಾಂ ಅದನ್ನು ಮಾರ್ಚ್ 4 ಅಂತ ಓದುತ್ತಿತ್ತು.